ಜಪಾನಿನ ಮಕ್ಕಳೂ ಎಡವುವ ಜಾಗ

ಸಿಂಧಘಟ್ಟದ ಮತ್ತು ಸುತ್ತಲ ಹಳ್ಳಿಗಳ ಮಕ್ಕಳೇ, ಇಂಗ್ಲಿಷ್ ಕಲಿಯುವ ವಿಚಾರವಾಗಿ ನಿಮ್ಮ ಜೊತೆ ಒಂದಿಷ್ಟು ಮಾತಾಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮೂರ ಮನೆಗಳಲ್ಲಿ ಗಣಿತದಷ್ಟೇ ಭಯ ಹುಟ್ಟಿಸುವುದು ಇಂಗ್ಲಿಷ್ ಪತ್ರಿಕೆ. ಪಿಯುಸಿಗೆ ಅಂತ ಕೆ.ಆರ್. ಪೇಟೆಗೆ ಹೋದ ಮೇಲಂತೂ, ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಓದಿದ ಮಕ್ಕಳೂ ಮೊದಲ ಕೆಲವು ತಿಂಗಳು ತಲೆ ತಗ್ಗಿಸಿಕೊಂಡೇ ಕೂರುತ್ತಾರೆ. ‘ನಾವು ಹಳ್ಳಿಯವರು ಸಾರ್, ನಮಗೆಲ್ಲಿ ಬರುತ್ತೆ ಇಂಗ್ಲಿಷು’ ಎನ್ನುವ ಮಾತನ್ನು ಮೇಷ್ಟ್ರಾಗಿದ್ದಷ್ಟೂ ಕಾಲ ಕೇಳಿದ್ದೇನೆ, ಈಗಲೂ ಕೇಳುತ್ತಿದ್ದೇನೆ.

ಈ ಮಾತನ್ನು ಮೊದಲು ಬಿಟ್ಟುಬಿಡಿ ಕಣ್ರಪ್ಪ. ಟೋಕಿಯೋ ನಗರದಲ್ಲಿ ಹುಟ್ಟಿ ಬೆಳೆದ ಜಪಾನಿನ ಹೈಸ್ಕೂಲ್ ಹುಡುಗಿಯೂ ನೀವು ತಡವರಿಸುವ ಜಾಗದಲ್ಲೇ ತಡವರಿಸುತ್ತಾಳೆ. ಜಗತ್ತಿಗೆ ಕಾರು, ಕ್ಯಾಮೆರಾ ಮಾಡಿಕೊಟ್ಟ ದೇಶದ ಮಕ್ಕಳವರು. ಅವರ ಶಾಲೆಗಳಲ್ಲಿ ಅನುಕೂಲಕ್ಕೇನೂ ಕೊರತೆಯಿಲ್ಲ. ಆದರೂ ‘ಎ’ ಹಾಕಬೇಕೋ ‘ದ’ ಹಾಕಬೇಕೋ ತಿಳಿಯದೆ ಪೆನ್ನು ಕಚ್ಚುತ್ತಾರೆ, ಉದ್ದನೆಯ ವಾಕ್ಯ ಬಂದರೆ ದಾರಿ ತಪ್ಪುತ್ತಾರೆ, ಪ್ಯಾಸೇಜ್ ಓದಿ ಮುಗಿಸಿದ ಮೇಲೆ ಏನು ಓದಿದೆವು ಅಂತ ಮತ್ತೆ ಮೊದಲಿಗೆ ಬರುತ್ತಾರೆ. ಇದಕ್ಕೆ ಊರು, ಬಡತನ, ಬುದ್ಧಿ ಯಾವುದೂ ಕಾರಣವಲ್ಲ. ಕಾರಣ ಇರುವುದು ಅವರ ಮಾತಿನ ಕಟ್ಟಡದಲ್ಲಿ. ಆ ಕಟ್ಟಡ ನಮ್ಮ ಕನ್ನಡದ್ದನ್ನೇ ಹೋಲುತ್ತದೆ.

ಹೇಗೆ ಅಂತ ತೋರಿಸುತ್ತೇನೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಇಟ್ಟುಕೊಳ್ಳಿ: ‘ದ ಫಾರ್ಮರ್ ಹೂ ಸೋಲ್ಡ್ ಹಿಸ್ ಬುಲ್ಲಕ್ಸ್ ಅಟ್ ದ ಫೇರ್ ರೀಚ್ಡ್ ಹೋಮ್ ಬಿಫೋರ್ ಸನ್‌ಸೆಟ್.’ ನಮ್ಮ ಹೇಮಗಿರಿ ದನಗಳ ಜಾತ್ರೆಗೆ ಹೋದವರ ಸುದ್ದಿ ಅಂದುಕೊಳ್ಳಿ. ಕನ್ನಡದಲ್ಲಿ ಇದನ್ನೇ ‘ಜಾತ್ರೆಯಲ್ಲಿ ಎತ್ತು ಮಾರಿದ ರೈತ ಹೊತ್ತು ಮುಳುಗುವ ಮುಂಚೆ ಮನೆ ಸೇರಿದ’ ಅನ್ನುತ್ತೇವೆ. ರೈತ ಬರುವ ಮುಂಚೆಯೇ ಅವನ ಜಾತ್ರೆ, ಅವನ ಎತ್ತು, ಅವನ ವ್ಯಾಪಾರ ಎಲ್ಲವೂ ನಮ್ಮ ವಾಕ್ಯದಲ್ಲಿ ಬಂದು ಹೋಗಿರುತ್ತವೆ. ಕ್ರಿಯಾಪದ ಕಟ್ಟಕಡೆಗೆ ಬಂದು ಬಾಗಿಲು ಹಾಕುತ್ತದೆ. ಜಪಾನಿ ಭಾಷೆಯಲ್ಲೂ ಇದೇ ಸರದಿ: ಮೊದಲು ಜಾತ್ರೆಯಲ್ಲಿ, ಆಮೇಲೆ ಎತ್ತನ್ನು, ಆಮೇಲೆ ಮಾರಿದ, ಆಮೇಲೆ ರೈತ. ನಮ್ಮ ‘ಅಲ್ಲಿ’, ‘ಅನ್ನು’, ‘ಇಗೆ’ ಇದ್ದ ಹಾಗೆ ಅವರಿಗೂ ಹೆಸರಿನ ಹಿಂದೆ ಅಂಟುವ ಸಣ್ಣ ಸಣ್ಣ ಪ್ರತ್ಯಯಗಳಿವೆ. ಇಂಗ್ಲಿಷಿನವನು ಮಾತ್ರ ರೈತನನ್ನು ಮೊದಲು ತಂದು ನಿಲ್ಲಿಸಿ, ಅವನ ಕಥೆಯನ್ನು ಆಮೇಲೆ ಹೇಳುತ್ತಾನೆ.

ಇನ್ನೊಂದು ಸಣ್ಣ ವಿಷಯ. ‘ನೀನು ನಿನ್ನೆ ಸ್ಕೂಲಿಗೆ ಹೋಗಲಿಲ್ಲವಾ?’ ಅಂದರೆ ನಾವು ‘ಹೌದು, ಹೋಗಲಿಲ್ಲ’ ಅನ್ನುತ್ತೇವೆ. ಜಪಾನಿನ ಮಗುವೂ ತನ್ನ ಭಾಷೆಯಲ್ಲಿ ಹೌದು ಅಂದೇ ಶುರು ಮಾಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ನೋ, ಐ ಡಿಡ್ ನಾಟ್’ ಅನ್ನಬೇಕು. ಕ್ಲಾಸಿನಲ್ಲಿ ‘ಎಸ್’ ಅಂದು ಬೈಸಿಕೊಂಡವರು ನೀವೊಬ್ಬರೇ ಅಲ್ಲ ಅಂತ ತಿಳಿದರೆ ಸ್ವಲ್ಪ ಧೈರ್ಯ ಬರಬಹುದು.

ಈ ಕಷ್ಟಕ್ಕೆ ಜಪಾನಿನವರು ಕಂಡುಕೊಂಡ ದಾರಿಯ ಕಥೆ ನಿಮಗೆ ಗೊತ್ತಿರಬೇಕು. ಒಂದು ಸಾವಿರ ವರ್ಷಕ್ಕೂ ಹಿಂದಿನಿಂದ ಅವರು ಚೀನೀ ಗ್ರಂಥಗಳನ್ನು ಓದುತ್ತಿದ್ದರು. ಚೀನೀ ವಾಕ್ಯದ ಸರದಿಯೂ ಬೇರೆ. ಅದಕ್ಕೆ ಅಕ್ಷರಗಳ ಪಕ್ಕದಲ್ಲಿ ‘ಇಲ್ಲಿಂದ ಹಿಂದಕ್ಕೆ ಹೋಗು’, ‘ಇದನ್ನು ಎರಡನೆಯದಾಗಿ ಓದು’ ಅಂತ ಸೂಚಿಸುವ ಸಣ್ಣ ಗುರುತುಗಳನ್ನು ಹಾಕಿ, ಚೀನೀ ಬರಹವನ್ನೇ ಜಪಾನಿ ಸರದಿಯಲ್ಲಿ ಓದುತ್ತಿದ್ದರು. ಇಂಗ್ಲಿಷ್ ಬಂದಾಗಲೂ ಅದೇ ಅಭ್ಯಾಸ ಮುಂದುವರಿಯಿತು. ಹಳೆಯ ಪಠ್ಯಗಳಲ್ಲಿ ಇಂಗ್ಲಿಷ್ ಪದಗಳಿಗೆ ಒಂದು, ಎರಡು, ಮೂರು ಅಂತ ನಂಬರು ಹಾಕಿರುತ್ತಿದ್ದರು. ಮಕ್ಕಳು ಆ ನಂಬರಿನ ಪ್ರಕಾರ ಪದಗಳನ್ನು ಜೋಡಿಸಿ ಜಪಾನಿ ವಾಕ್ಯ ಮಾಡುತ್ತಿದ್ದರು. ಈ ಪದ್ಧತಿಗೆ ಅವರಲ್ಲಿ ‘ಯಾಕುದೊಕು’ ಅಂತ ಹೆಸರು. ಅನುವಾದ ಮಾಡಿಕೊಂಡು ಓದುವುದು ಅಂತ ಅರ್ಥ.

ಇದನ್ನು ನಾನು ಹಗುರ ಮಾಡಿ ಹೇಳುತ್ತಿಲ್ಲ. ಆ ಪದ್ಧತಿಯಿಂದಲೇ ಜಪಾನ್ ತಂತ್ರಜ್ಞಾನ, ಕಾನೂನು, ವೈದ್ಯವನ್ನೆಲ್ಲ ತನ್ನ ಭಾಷೆಗೆ ತಂದುಕೊಂಡಿತು. ಫುಕುಜಾವಾ ಯುಕಿಚಿ ಎಂಬ ಮಹನೀಯರು ಯೌವನದಲ್ಲಿ ಡಚ್ ಭಾಷೆಯನ್ನು ಕಷ್ಟಪಟ್ಟು ಕಲಿತಿದ್ದರು. 1859ರಲ್ಲಿ ಯೊಕೊಹಾಮಾ ಬಂದರಿಗೆ ಹೋದಾಗ ಅಲ್ಲಿನ ಅಂಗಡಿ ಬೋರ್ಡುಗಳನ್ನು ಓದಲಾಗಲಿಲ್ಲ. ಕಲಿತ ಡಚ್ ಕೆಲಸಕ್ಕೆ ಬರಲಿಲ್ಲ. ಊರಿಗೆ ಬಂದು ಮತ್ತೆ ಮೊದಲಿನಿಂದ ಇಂಗ್ಲಿಷ್ ಹಿಡಿದರು, ನಿಘಂಟು ಇಟ್ಟುಕೊಂಡು ತಾವೇ ಓದಿ ಕಲಿತರು. ಮರುವರ್ಷವೇ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರು ಕಟ್ಟಿದ ಕೆಯೊ ವಿಶ್ವವಿದ್ಯಾಲಯ ಇವತ್ತೂ ಇದೆ. ವಯಸ್ಸು ಇಪ್ಪತ್ತು ದಾಟಿದ ಮೇಲೆ ಇನ್ನೇನು ಇಂಗ್ಲಿಷ್ ಕಲಿಯೋದು ಅನ್ನುವ ನಮ್ಮ ಡಿಪ್ಲೊಮಾ ಹುಡುಗರು ಈ ಫುಕುಜಾವಾ ಅವರನ್ನು ನೆನೆಸಿಕೊಳ್ಳಬೇಕು.

ಆದರೆ ಯಾಕುದೊಕು ಒಂದು ಕೆಟ್ಟ ಅಭ್ಯಾಸವನ್ನೂ ಅಂಟಿಸಿತು. ಕಣ್ಣು ವಾಕ್ಯದ ಕೊನೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗುತ್ತದೆ. ಒಂದೊಂದು ವಾಕ್ಯವೂ ಬಿಡಿಸಬೇಕಾದ ಲೆಕ್ಕವಾಗುತ್ತದೆ. ಪುಟ ಓದಿ ಮುಗಿಯುವ ಹೊತ್ತಿಗೆ ಮೊದಲ ಸಾಲು ಮರೆತುಹೋಗಿರುತ್ತದೆ. ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ವಿದ್ವಾಂಸರು 1922ರಲ್ಲಿ ಜಪಾನಿಗೆ ಬಂದು, ಕಿವಿಯಿಂದ ಮತ್ತು ಬಾಯಿಂದ ಕಲಿಸಿ ಅಂತ ಹದಿನಾಲ್ಕು ವರ್ಷ ದುಡಿದರು. ಪರೀಕ್ಷೆ ಕೇಳುತ್ತಿದ್ದುದು ಅನುವಾದವನ್ನು, ಆದ್ದರಿಂದ ಬಹುಪಾಲು ಶಾಲೆಗಳು ಹಳೆಯ ದಾರಿಯನ್ನೇ ಹಿಡಿದವು.

ನಮ್ಮೂರ ಮಕ್ಕಳು ಪ್ಯಾಸೇಜ್ ಓದುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ಇದೇ ಕಾಣುತ್ತದೆ. ಬೆರಳು ಸಾಲಿನ ಕೆಳಗೆ ಮುಂದಕ್ಕೆ ಹೋಗುತ್ತದೆ, ‘ಹೂ’ ಹತ್ತಿರ ನಿಲ್ಲುತ್ತದೆ, ಕೊನೆಯ ಪದಕ್ಕೆ ಹಾರುತ್ತದೆ, ಮತ್ತೆ ನಡುವಿಗೆ ಬರುತ್ತದೆ. ತುಟಿ ಕನ್ನಡದಲ್ಲಿ ಏನೋ ಜೋಡಿಸುತ್ತಿರುತ್ತದೆ. ಗೊತ್ತಿಲ್ಲದ ಒಂದು ಪದ ಸಿಕ್ಕಿದರೆ ಮುಗಿಯಿತು, ಅಲ್ಲೇ ಕೂತುಬಿಡುತ್ತದೆ. ಅಷ್ಟಾದ ಮೇಲೆ ಪ್ರಶ್ನೆಗೆ ಬಂದು, ಪ್ರಶ್ನೆಯಲ್ಲಿರುವ ಒಂದು ಪದ ಪ್ಯಾಸೇಜಿನ ಯಾವ ಸಾಲಿನಲ್ಲಿದೆಯೋ ಆ ಸಾಲನ್ನು ಹಾಗೇ ಎತ್ತಿ ಬರೆಯುತ್ತಾರೆ.

ಮೇಲಿನ ರೈತನ ವಾಕ್ಯಕ್ಕೇ ಬನ್ನಿ. ‘ಎತ್ತನ್ನು ಎಲ್ಲಿ ಮಾರಿದ?’ ಅಂತ ಕೇಳಿದರೆ ಇಡೀ ವಾಕ್ಯ ಬರೆದು ಅರ್ಧ ಅಂಕ ತೆಗೆದುಕೊಳ್ಳುತ್ತೀರಿ. ‘ಎತ್ತನ್ನು ಯಾವಾಗ ಮಾರಿದ?’ ಅಂತ ಕೇಳಿದರೆ ‘ಬಿಫೋರ್ ಸನ್‌ಸೆಟ್’ ಅಂತ ಬರೆಯುವವರೇ ಜಾಸ್ತಿ. ಹೊತ್ತು ಮುಳುಗುವ ಮುಂಚೆ ಆದದ್ದು ಮನೆ ಸೇರಿದ್ದು. ಮಾರಿದ ಹೊತ್ತನ್ನು ವಾಕ್ಯ ಹೇಳಿಯೇ ಇಲ್ಲ. ಇದನ್ನು ಹಿಡಿಯುವುದಕ್ಕೆ ದೊಡ್ಡ ಪದಸಂಪತ್ತು ಬೇಡ, ಯಾವ ಕ್ರಿಯಾಪದ ಯಾರದ್ದು ಅಂತ ಗೊತ್ತಿದ್ದರೆ ಸಾಕು. ಸೋಲ್ಡ್ ಅನ್ನುವುದು ‘ಹೂ’ಗೆ ಸೇರಿದ್ದು, ರೀಚ್ಡ್ ಅನ್ನುವುದು ‘ಫಾರ್ಮರ್’ಗೆ ಸೇರಿದ್ದು. ಗ್ರಾಮರ್ ಇರುವುದು ಈ ಕೆಲಸಕ್ಕೆ. ಗ್ರಾಮರಿಗೊಂದು ನೋಟ್‌ಬುಕ್ಕು, ಪ್ಯಾಸೇಜಿಗೊಂದು ನೋಟ್‌ಬುಕ್ಕು ಇಟ್ಟುಕೊಂಡು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಓದುತ್ತೀರಲ್ಲ, ನನಗೆ ಬೇಸರ ತರಿಸುವುದು ಅದು. ಹನ್ನೆರಡು ಟೆನ್ಸಿನ ಪಟ್ಟಿ ಉರು ಹೊಡೆದ ಹುಡುಗನಿಗೆ ಕಥೆಯಲ್ಲಿ ‘ಹ್ಯಾಡ್ ಸೋಲ್ಡ್’ ಅಂತ ಬಂದಾಗ, ಮಾರಾಟ ಮೊದಲು ಆಗಿತ್ತು, ಉಳಿದದ್ದು ಆಮೇಲೆ ಅಂತ ಹೊಳೆಯುವುದಿಲ್ಲ. ಆ ಪಟ್ಟಿಯನ್ನು ಕಲಿತದ್ದು ದಂಡ.

ಗ್ರಾಮರೇ ಬೇಡ, ಮಾತಾಡ್ತಾ ಮಾತಾಡ್ತಾ ಬರುತ್ತೆ ಅನ್ನುವವರ ಮಾತನ್ನೂ ನಂಬಬೇಡಿ. ಮನೆಯಲ್ಲಿ, ಬೀದಿಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುವ ಮಗುವಿಗೆ ಅದು ಸರಿ. ಸಿಂಧಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷ್ ಯಾರು ಆಡುತ್ತಾರೆ? ನಮಗೆ ಪುಸ್ತಕವೇ ಬೀದಿ.

ಹಾಗಾದರೆ ಹೇಗೆ ಓದಬೇಕು? ಮುಂದಿನಿಂದ, ತುಂಡು ತುಂಡಾಗಿ. ‘ದ ಫಾರ್ಮರ್’ ಅಂದರೆ ಆ ರೈತ. ‘ಹೂ’ ಬಂತು, ಇವನ ಬಗ್ಗೆ ಏನೋ ಹೇಳುತ್ತಾನೆ. ‘ಸೋಲ್ಡ್ ಹಿಸ್ ಬುಲ್ಲಕ್ಸ್’, ಎತ್ತು ಮಾರಿದ್ದಾನೆ. ‘ಅಟ್ ದ ಫೇರ್’, ಜಾತ್ರೆಯಲ್ಲಿ. ‘ರೀಚ್ಡ್ ಹೋಮ್’, ಮನೆ ಸೇರಿದ. ‘ಬಿಫೋರ್ ಸನ್‌ಸೆಟ್’, ಹೊತ್ತು ಮುಳುಗುವ ಮುಂಚೆ. ಇದನ್ನು ಕನ್ನಡದ ಅಚ್ಚುಕಟ್ಟಾದ ವಾಕ್ಯ ಮಾಡಲು ಹೋಗಬೇಡಿ. ಬಂದ ಸರದಿಯಲ್ಲೇ ಅರ್ಥ ಮಾಡಿಕೊಂಡು ಮುಂದಕ್ಕೆ ನಡೆಯಿರಿ. ಮೊದಮೊದಲು ಪೆನ್ಸಿಲಿನಿಂದ ತುಂಡುಗಳ ನಡುವೆ ಗೆರೆ ಹಾಕಿಕೊಳ್ಳಿ. ಜಪಾನಿನ ಮೇಷ್ಟ್ರುಗಳು ಈಗ ತಮ್ಮ ಮಕ್ಕಳಿಗೆ ಹೀಗೆ ಗೆರೆ ಎಳೆದು ಓದಿಸುತ್ತಾರೆ, ಕೆಲಸಕ್ಕೆ ಬರುವ ಉಪಾಯ. ಕ್ರಮೇಣ ಗೆರೆ ಬೇಡವಾಗುತ್ತದೆ. ವಾಕ್ಯದಲ್ಲಿ ದಾರಿ ತಪ್ಪಿತು ಅನ್ನಿಸಿದರೆ ಮುಖ್ಯ ಕ್ರಿಯಾಪದ ಯಾವುದು, ಅದನ್ನು ಮಾಡಿದವರು ಯಾರು ಎಂಬ ಎರಡನ್ನೇ ಹುಡುಕಿ. ಅದು ಸಿಕ್ಕಿದರೆ ಉಳಿದದ್ದು ತಾನಾಗಿ ಕೂರುತ್ತದೆ.

‘ಎ’, ‘ದ’ ಬಗ್ಗೆ ಬಹಳ ಮಕ್ಕಳು ಕೇಳುತ್ತಾರೆ. ಕನ್ನಡದಲ್ಲಿ ಅವಿಲ್ಲ, ಜಪಾನಿಯಲ್ಲೂ ಇಲ್ಲ. ಆದರೆ ನಿಮ್ಮಜ್ಜಿ ಕಥೆ ಶುರು ಮಾಡುವುದನ್ನು ನೆನೆಸಿಕೊಳ್ಳಿ. ಒಂದೂರಲ್ಲಿ ಒಬ್ಬ ರಾಜ ಇದ್ದ, ಆ ರಾಜನಿಗೆ ಒಬ್ಬಳು ಮಗಳಿದ್ದಳು, ಆ ಮಗಳು ಹಿಂಗೆ ಮಾಡಿದಳು. ಮೊದಲ ಸಲ ಬಂದಾಗ ‘ಒಬ್ಬ’, ಕೇಳುವವರಿಗೆ ಗುರುತಾದ ಮೇಲೆ ‘ಆ’. ‘ಎ’ ಮತ್ತು ‘ದ’ ಮಾಡುವ ಕೆಲಸದ ಮುಕ್ಕಾಲು ಪಾಲು ಇಷ್ಟೇ. ಮಿಕ್ಕ ಕಾಲು ಪಾಲು ಓದುತ್ತಾ ಓದುತ್ತಾ ಬರಲಿ. ‘ಹಿ ಗೋಸ್’ ಅನ್ನುವಾಗಿನ ಆ ಬಾಲದ ‘ಎಸ್’ ವಿಚಾರದಲ್ಲಿ ನಾವು ಜಪಾನಿನವರಿಗಿಂತ ಪುಣ್ಯವಂತರು. ಅವರ ಕ್ರಿಯಾಪದ ನಾನು, ನೀನು, ಅವನು ಯಾರಿಗೂ ಬದಲಾಗುವುದಿಲ್ಲ. ನಾವು ಹುಟ್ಟಿದಾಗಿನಿಂದ ಹೋಗ್ತೀನಿ, ಹೋಗ್ತಾನೆ, ಹೋಗ್ತಾಳೆ ಅಂತ ಬದಲಿಸಿಕೊಂಡೇ ಬಂದವರು. ಒಂದು ‘ಎಸ್’ ಬಿಡುವುದಕ್ಕೆ ನಮಗೆ ನೆಪವೇ ಇಲ್ಲ.

ಇಲ್ಲಿ ನಿಘಂಟಿನ ವಿಚಾರ ಹೇಳಲೇಬೇಕು. ಕಾಲೇಜು ಲೈಬ್ರರಿಯಲ್ಲಿ ಆಕ್ಸ್‌ಫರ್ಡಿನ ದಪ್ಪ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ನೋಡಿರುತ್ತೀರಿ. ಅದು ಹುಟ್ಟಿದ್ದು ಜಪಾನಿನ ವಿದ್ಯಾರ್ಥಿಗಳಿಗಾಗಿ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು 1924ರಲ್ಲಿ ಜಪಾನಿಗೆ ಪಾಠ ಹೇಳಲು ಹೋದವರು. ಅಲ್ಲಿನ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ವರ್ಷಗಟ್ಟಲೆ ಕಂಡು, ಪಾಮರ್ ಅವರ ಜೊತೆಗೂ ಕೆಲಸ ಮಾಡಿ, ಇಬ್ಬರು ಸಹೋದ್ಯೋಗಿಗಳನ್ನು ಕೂಡಿಕೊಂಡು ನಿಘಂಟು ಕಟ್ಟಿದರು. ನಮ್ಮ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂದ 1942ರಲ್ಲೇ ಆ ನಿಘಂಟು ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಹೊಸ ಹೆಸರಿನಲ್ಲಿ ತಂದರು. ಮುಂದೆ ಅದೇ ಜಗತ್ತಿನ ಮಕ್ಕಳ ಕೈಪಿಡಿಯಾಯಿತು.

ಅದರ ದೊಡ್ಡ ಗುಣವೆಂದರೆ, ಪದದ ಅರ್ಥದ ಜೊತೆಗೆ ಆ ಪದ ವಾಕ್ಯದಲ್ಲಿ ಹೇಗೆ ಕೂರುತ್ತದೆ ಅಂತಲೂ ತೋರಿಸುತ್ತದೆ. ‘ಡಿಸ್ಕಸ್ ಅಬೌಟ್’ ಅಂತ ನಾವು ಬರೆಯುತ್ತೇವೆ, ಜಪಾನಿನವರೂ ಬರೆಯುತ್ತಾರೆ. ಯಾಕೆಂದರೆ ‘ವಿಷಯದ ಬಗ್ಗೆ ಚರ್ಚಿಸು’ ಅನ್ನುವುದು ಇಬ್ಬರ ಬಾಯಿಗೂ ಸಹಜ. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಪಕ್ಕ ‘ಅಬೌಟ್’ ಬರಬಾರದು. ‘ಎಕ್ಸ್‌ಪ್ಲೇನ್ ಮಿ’ ಅನ್ನಬಾರದು, ‘ಎಕ್ಸ್‌ಪ್ಲೇನ್ ಟು ಮಿ’ ಅನ್ನಬೇಕು. ಮೊಬೈಲಿನಲ್ಲಿ ಪದದ ಕನ್ನಡ ಅರ್ಥ ಒಂದನ್ನೇ ನೋಡಿ ಮುಚ್ಚಿದರೆ ಇದು ಯಾವತ್ತೂ ಸಿಗುವುದಿಲ್ಲ. ನಿಘಂಟು ತೆರೆದಾಗ ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದಿ, ಒಂದನ್ನು ನೋಟ್‌ಬುಕ್ಕಿಗೆ ಇಳಿಸಿ. ಪದದ ಪಟ್ಟಿ ಬೇಡ, ವಾಕ್ಯದ ಪಟ್ಟಿ ಇರಲಿ.

ಆದರೆ ಓದುವಾಗ ಪದಪದಕ್ಕೂ ನಿಘಂಟು ತೆರೆಯಬೇಡಿ. ನಮ್ಮ ಕಡೆ ಭಾರತ ವಾಚನ ನಡೆಯುತ್ತಿದ್ದ ಕಾಲದಲ್ಲಿ, ಗಮಕಿಗಳು ಕುಮಾರವ್ಯಾಸನ ಪದ್ಯ ಓದುತ್ತಿದ್ದರು, ಪಕ್ಕದವರು ಅರ್ಥ ಹೇಳುತ್ತಿದ್ದರು. ಕೂತು ಕೇಳುವ ರೈತರಿಗೆ ಪದ್ಯದ ಎಲ್ಲ ಪದವೂ ಗೊತ್ತಿತ್ತೇ? ಇಲ್ಲ. ಕರ್ಣನ ಸಂಕಟ ಅರ್ಥವಾಗುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಗೊತ್ತಿಲ್ಲದ ಪದವನ್ನು ಸುತ್ತಲ ಪದಗಳ ಆಸರೆಯಿಂದ ಊಹಿಸುತ್ತಾ ಕಥೆಯ ಹಿಂದೆ ಹೋಗುತ್ತಿದ್ದರು, ಹತ್ತು ದಿನ ಕೇಳುವಷ್ಟರಲ್ಲಿ ಆ ಪದವೂ ತಮ್ಮದಾಗುತ್ತಿತ್ತು. ಜಪಾನಿನಲ್ಲಿ ಈಗ ಇದೇ ದಾರಿಯನ್ನು ‘ತಾದೊಕು’ ಅನ್ನುತ್ತಾರೆ, ಬಹಳ ಓದುವುದು ಅಂತ. ಸಕಾಯ್ ಕುನಿಹಿದೆ ಎಂಬ ಪ್ರಾಧ್ಯಾಪಕರು ಅದನ್ನು ಹಬ್ಬಿಸಿದರು. ನಿಘಂಟು ನೋಡಬೇಡಿ, ತಿಳಿಯದ್ದನ್ನು ದಾಟಿಕೊಂಡು ಹೋಗಿ, ಪುಸ್ತಕ ಹಿಡಿಸದಿದ್ದರೆ ಬಿಟ್ಟು ಬೇರೆ ಹಿಡಿಯಿರಿ ಎನ್ನುವುದು ಅವರ ಸೂತ್ರ. ಚಿಕ್ಕ ಮಕ್ಕಳ ಚಿತ್ರದ ಪುಸ್ತಕದಿಂದ ಶುರು ಮಾಡಿ, ಮೇಲಕ್ಕೆ ಏರುತ್ತಾ, ಹತ್ತು ಲಕ್ಷ ಪದ ಓದಿ ಮುಗಿಸುವ ಗುರಿ ಇಟ್ಟುಕೊಳ್ಳುತ್ತಾರೆ. ಪಿಯುಸಿ ಓದುವವನು ಮೂರನೇ ತರಗತಿಯ ಇಂಗ್ಲಿಷ್ ಪುಸ್ತಕ ಹಿಡಿಯುವುದು ಅವಮಾನ ಅಂತ ತಿಳಿಯಬೇಡಿ. ಸರಾಗವಾಗಿ ಓದಲಾಗುವ ಪುಸ್ತಕವೇ ನಿಮ್ಮ ಪುಸ್ತಕ.

ಓದುವುದಕ್ಕೆ ಏನಿದೆ ಹಳ್ಳಿಯಲ್ಲಿ ಅಂತ ಕೇಳಬೇಡಿ. ತಮ್ಮ ತಂಗಿಯರ ಪಠ್ಯಪುಸ್ತಕಗಳಿವೆ. 2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. ಜಪಾನಿನಲ್ಲಿ ಐದನೇ ತರಗತಿಯಲ್ಲಿ ಅದು ಪೂರ್ಣ ಪ್ರಮಾಣದ ವಿಷಯವಾದದ್ದು 2020ರಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ, ಅಲ್ಲಿರುವುದನ್ನು ಕೇಳಿ ತೆಗೆದುಕೊಳ್ಳಿ. ನಿಮ್ಮಪ್ಪ ಭತ್ತಕ್ಕೋ ಕಬ್ಬಿಗೋ ಹೊಡೆಯಲು ತಂದ ಔಷಧಿಯ ಡಬ್ಬದ ಜೊತೆ ಒಂದು ಮಡಿಸಿದ ಕಾಗದ ಬರುತ್ತದೆ. ಅದರಲ್ಲಿ ಇಂಗ್ಲಿಷೂ ಇರುತ್ತದೆ, ಕನ್ನಡವೂ ಇರುತ್ತದೆ. ಮೊದಲು ಇಂಗ್ಲಿಷ್ ಓದಿ, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಹೊಡೆದ ಎಷ್ಟು ದಿನ ಕೊಯ್ಲು ಮಾಡಬಾರದು, ಮೈಮೇಲೆ ಬಿದ್ದರೆ ಏನು ಮಾಡಬೇಕು ಅಂತ ಹೇಳಿ. ಆಮೇಲೆ ಕನ್ನಡ ನೋಡಿ ತಾಳೆ ಹಾಕಿ. ಅದಕ್ಕಿಂತ ಮೇಲಾದ ಪ್ಯಾಸೇಜನ್ನು ಯಾವ ಪ್ರಶ್ನೆಪತ್ರಿಕೆಯೂ ಕೊಡಲಾರದು. ತಪ್ಪು ಓದಿದರೆ ಹೋಗುವುದು ಅಂಕ ಮಾತ್ರ ಅಲ್ಲ ಎಂಬ ಎಚ್ಚರವೂ ಇರುತ್ತದೆ.

ಇಂಗ್ಲಿಷ್ ಕಲಿತರೆ ಕನ್ನಡ ಹೋಗುತ್ತೆ ಅಂತ ಕೆಲವರು, ಕನ್ನಡ ಬಿಟ್ಟರೇ ಇಂಗ್ಲಿಷ್ ಬರೋದು ಅಂತ ಕೆಲವರು ಹೇಳುತ್ತಾರೆ. ಎರಡೂ ಸುಳ್ಳು ಅಂತ ನಮ್ಮ ಸೀಮೆಯೇ ಸಾಕ್ಷಿ ಹೇಳುತ್ತದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದವರು ಅವರೇ. ನಮ್ಮ ತಾಲ್ಲೂಕಿನದೇ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರೂ ಇಂಗ್ಲಿಷ್ ಅಧ್ಯಾಪಕರು. ಅವರ ಪ್ರಬಂಧಗಳ ಕನ್ನಡ ಎಷ್ಟು ತಿಳಿ ಅಂತ ಓದಿದವರಿಗೆ ಗೊತ್ತು. ಜಪಾನಿನಲ್ಲೂ ಹಾಗೇ. ಅವರ ಮಹಾನ್ ಕಾದಂಬರಿಕಾರ ನತ್ಸುಮೆ ಸೊಸೆಕಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಲಂಡನ್ನಿಗೆ ಹೋಗಿ ಓದಿ ಬಂದು ಜಪಾನಿ ಗದ್ಯವನ್ನು ಹೊಸದು ಮಾಡಿದರು. ಇವರೆಲ್ಲ ಎರಡು ಭಾಷೆಯನ್ನೂ ಗಂಭೀರವಾಗಿ ಓದಿದವರು. ಕನ್ನಡದಲ್ಲಿ ಒಂದು ಪುಟ ಓದಿ ಅದರ ಸಾರಾಂಶ ಹೇಳಲಾಗದವನಿಗೆ ಇಂಗ್ಲಿಷ್ ಪ್ಯಾಸೇಜ್ ಕೂಡ ಕೈ ಹತ್ತುವುದಿಲ್ಲ. ಆದ್ದರಿಂದ ಕನ್ನಡ ಪುಸ್ತಕವನ್ನೂ ದಿನಾ ಹಿಡಿಯಿರಿ ಅಂತ ಇಂಗ್ಲಿಷ್ ಮೇಷ್ಟ್ರಾಗಿ ನಾನು ಹೇಳುತ್ತಿದ್ದೇನೆ.

ನಾಳೆ ನಿಮ್ಮಲ್ಲಿ ಕೆಲವರು ಬಿಡದಿಯ ಟೊಯೊಟಾ ಕಾರ್ಖಾನೆಗೋ ನರಸಾಪುರದ ಹೋಂಡಾ ಕಾರ್ಖಾನೆಗೋ ಕೆಲಸಕ್ಕೆ ಹೋಗುತ್ತೀರಿ. ಅಲ್ಲಿ ಜಪಾನಿನ ಎಂಜಿನಿಯರು ಎದುರಿಗೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರೆ ಹೆದರಬೇಡಿ. ಆತನೂ ಕ್ರಿಯಾಪದವನ್ನು ಕೊನೆಯಲ್ಲಿಡುವ ಭಾಷೆಯಿಂದ ಬಂದವನು, ಆತನೂ ‘ಎ’, ‘ದ’ಗಳ ಜೊತೆ ಗುದ್ದಾಡಿಯೇ ಬಂದವನು. ನಿಧಾನವಾಗಿ, ಪೂರ್ತಿ ವಾಕ್ಯದಲ್ಲಿ ಹೇಳಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳಿ ಸಾರ್ ಅಂತ ಕೇಳಿ.

ಇವತ್ತು ರಾತ್ರಿಯಿಂದಲೇ ಅರ್ಧ ಗಂಟೆ ಎತ್ತಿಡಿ. ಸುಲಭದ ಒಂದು ಇಂಗ್ಲಿಷ್ ಪುಟ, ಮುಂದಿನಿಂದ ಹಿಂದಕ್ಕೆ ಹಾರದೆ ಓದಿ, ಪುಸ್ತಕ ಮುಚ್ಚಿ. ಅದರಲ್ಲಿ ಏನಿತ್ತು ಅಂತ ನಿಮ್ಮವ್ವನಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳಿ. ಅವರು ‘ಆಮೇಲೆ ಏನಾಯ್ತು, ಯಾಕೆ ಹಂಗೆ ಮಾಡ್ದ’ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಬಂದರೆ ನಿಮಗೆ ಪಾಠ ಬಂದಿದೆ. ಬರದಿದ್ದರೆ ಮತ್ತೆ ಪುಸ್ತಕ ತೆಗೆಯಿರಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಂಜೆ ಹೊತ್ತು ನಮ್ಮ ಜಗುಲಿಗೆ ಬನ್ನಿ. ಗೈಡು ತರಬೇಡಿ, ಪಠ್ಯಪುಸ್ತಕ ಮತ್ತು ಒಂದು ಪೆನ್ಸಿಲ್ ತನ್ನಿ.